ಕೆಂಪನ್ನು ಕೆಂಪಾಗಿಯೇ ತೆಗೆದವರು

ನಮ್ಮ ಮಾವನನ್ನು ಮದುವೆಯ ಫೋಟೋ ತೆಗೆಯಲು ಯಾರೂ ಕರೆಯುತ್ತಿರಲಿಲ್ಲ. ಒಂದೇ ಒಂದು ಸಲ ಕರೆದಿದ್ದರಂತೆ, ಅತ್ತೆಯ ದೂರದ ಸಂಬಂಧಿಕರು. ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಹೊರಗಿನವರು ಯಾಕೆ ಎಂಬ ಲೆಕ್ಕ. ವಾರದ ನಂತರ ಆಲ್ಬಮ್ ಬಂತು. ಮದುಮಗಳು ಎದುರಿನಿಂದ, ಎಡದಿಂದ, ಬಲದಿಂದ, ಆಮೇಲೆ ಗದ್ದ ಮೇಲೆತ್ತಿ. ಮದುಮಗನೂ ಅದೇ ಕ್ರಮದಲ್ಲಿ. ಹುಡುಗಿಯ ಅಪ್ಪ ಕೊನೆಯ ಪುಟದವರೆಗೂ ತಾಳ್ಮೆಯಿಂದ ನೋಡಿ, “ಎಲ್ಲಾ ಸರಿ ಭಾವ, ಕಾಯಿಲೆ ಯಾವುದು ಅಂತ ಬರೆದೇ ಇಲ್ವಲ್ಲ” ಅಂದರಂತೆ.

ಈ ಕಥೆಯನ್ನು ಅತ್ತೆ ನನಗೆ ಹೇಳಿದ್ದು ನಾನು ಆ ಮನೆಗೆ ಬಂದ ಮೊದಲ ವಾರದಲ್ಲೇ. ಮಾವ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ತಲೆ ಎತ್ತದೆ, “ಫೋಕಸ್ ಮಾತ್ರ ಒಂದರಲ್ಲೂ ತಪ್ಪಿರಲಿಲ್ಲ” ಎಂದರು.

ಮೂವತ್ತೊಂದು ವರ್ಷ ಅವರು ಒಂದು ದೊಡ್ಡ ಆಸ್ಪತ್ರೆಯ ಫೋಟೋ ವಿಭಾಗದಲ್ಲಿದ್ದರು. ವಿಭಾಗ ಎಂದರೆ ಅವರೊಬ್ಬರೇ. ಸುಟ್ಟ ಗಾಯ, ವಾಸಿಯಾಗದ ಹುಣ್ಣು, ಸೀಳುತುಟಿ, ಚರ್ಮದ ಕಲೆ, ಹೀಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು, ಆಮೇಲೆ ಒಂದು, ಆರು ತಿಂಗಳಿಗೆ ಇನ್ನೊಂದು ಫೋಟೋ. ನಮ್ಮ ಬೀದಿಯಲ್ಲಿ ಅವರಿಗೆ ‘ಗಾಯದ ಫೋಟೋದವರು’ ಎಂದೇ ಹೆಸರು. ಮದುವೆಯಾದ ಹೊಸದರಲ್ಲಿ ಒಮ್ಮೆ ಊಟದ ಡಬ್ಬಿ ಕೊಡಲು ಆ ಕೋಣೆಗೆ ಹೋಗಿದ್ದೆ. ನೆಲಮಾಳಿಗೆ. ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಗುಂಯ್ ಸದ್ದು. ಗೋಡೆಗೆ ಬೂದು ಬಣ್ಣದ ಬಟ್ಟೆ, ನೆಲದ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ಎರಡು ಪಾದಗಳು. ಎಲ್ಲರೂ ಬಂದು ಆ ಪಾದಗಳ ಮೇಲೆಯೇ ನಿಲ್ಲಬೇಕು. ಆರು ತಿಂಗಳ ನಂತರ ಬಂದರೂ ಅಷ್ಟೇ ದೂರ, ಅಷ್ಟೇ ಬೆಳಕು. ಕೆನ್ನೆ ಸುಟ್ಟಿದ್ದ ಹೆಂಗಸೊಬ್ಬಳು ತಲೆ ತಗ್ಗಿಸಿ ಪಾದಗಳನ್ನೇ ನೋಡುತ್ತ ನಿಂತಿದ್ದಳು.

“ಕಾಲು ನೋಡ್ಬೇಡಮ್ಮ, ಗೋಡೆ ಮೇಲೆ ಚುಕ್ಕಿ ಇದೆಯಲ್ಲ, ಅದನ್ನ ನೋಡು. ಅದೂ ನಿನ್ನನ್ನೇ ನೋಡ್ತಾ ಇದೆ, ಪಾಪ, ಬೆಳಗ್ಗೆಯಿಂದ ಯಾರೂ ಬಂದಿಲ್ಲ” ಎಂದರು ಮಾವ. ಅವಳು ನಗಲಿಲ್ಲ. ಆದರೆ ತಲೆ ಎತ್ತಿದಳು.

ನಾನು ನಗರದ ಶಾಲೆಯಲ್ಲಿ ಓದಿದವಳು, ಎಲ್ಲದಕ್ಕೂ ಹೊಸ ಯಂತ್ರವೇ ಪರಿಹಾರ ಎಂದು ನಂಬಿದವಳು. ಇಷ್ಟು ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡು ಅದರ ಒಂದು ಸವಲತ್ತನ್ನೂ ಬಳಸದ ಅವರನ್ನು ಕಂಡರೆ ನನಗೆ ಸೋಜಿಗ. ನಿವೃತ್ತಿಯ ದಿನ ಆಸ್ಪತ್ರೆಯವರು ಅವರಿಗೆ ಅವರದೇ ಹಳೆಯ ಡಿಎಸ್‌ಎಲ್‌ಆರ್ ಕೊಟ್ಟು ಕಳಿಸಿದ್ದರು. ಅದರ ತಲೆಯ ಮೇಲೆ ತಿರುಗುವ ಗುಂಡಿ, ಗುಂಡಿಯ ಸುತ್ತ ಪುಟ್ಟ ಪುಟ್ಟ ಚಿತ್ರಗಳು. ಹೆಂಗಸಿನ ತಲೆ, ಬೆಟ್ಟ, ಹೂವು, ಓಡುವ ಮನುಷ್ಯ, ನಕ್ಷತ್ರದ ಕೆಳಗೆ ನಿಂತ ಮನುಷ್ಯ. ಮಾವ ಆ ಗುಂಡಿಯನ್ನು ‘ಎಂ’ ಅಕ್ಷರಕ್ಕೆ, ಅಂದರೆ ಎಲ್ಲವನ್ನೂ ನಾವೇ ಕೈಯಾರೆ ಹೊಂದಿಸುವ ಮೋಡ್‌ಗೆ, ತಿರುಗಿಸಿಟ್ಟು ಮೇಲೊಂದು ಬಿಳಿ ಪ್ಲಾಸ್ಟರ್ ಅಂಟಿಸಿಬಿಟ್ಟಿದ್ದರು. ಗಾಯಕ್ಕೆ ಹಾಕುತ್ತಾರಲ್ಲ, ಅದೇ ಪ್ಲಾಸ್ಟರ್.

“ಪಾಪ, ಕ್ಯಾಮೆರಾಕ್ಕೂ ಏಟು ಬಿದ್ದಿದೆ” ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಹಾಗೆಂದು ಮಾವನಿಗೆ ಆ ಚಿತ್ರಗಳ ಮೇಲೆ ಕೋಪವೇನೂ ಇರಲಿಲ್ಲ. ಕೇಳಿದರೆ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು. “ಈ ತಲೆ ಇದೆಯಲ್ಲ, ಇದು ಚರ್ಮ ನುಣುಪು ಮಾಡುತ್ತೆ, ಹಿಂದಿರೋದನ್ನ ಮಸುಕು ಮಾಡುತ್ತೆ. ಬೆಟ್ಟ ಇಟ್ರೆ ಹಸಿರು, ನೀಲಿ ಎರಡೂ ಎದ್ದು ಕೂರುತ್ತೆ. ಎಲ್ಲಾ ಒಳ್ಳೇವೇ. ಹುಟ್ಟಿದಹಬ್ಬಕ್ಕೆ ಒಳ್ಳೇದು, ಪ್ರವಾಸಕ್ಕೆ ಒಳ್ಳೇದು. ಹುಣ್ಣಿಗೆ ಒಳ್ಳೇದಲ್ಲ.”

ಅವರು ಈ ಪಾಠ ಕಲಿತದ್ದು ರೀಲು ಹೋಗಿ ಡಿಜಿಟಲ್ ಬಂದ ವರ್ಷ. ಸುಟ್ಟ ಗಾಯದ ವಾರ್ಡಿನಲ್ಲಿ ಆಗ ಒಂದು ಹೊಸ ಮುಲಾಮು ಹಚ್ಚಿ ನೋಡುತ್ತಿದ್ದರಂತೆ. ಎರಡು ವಾರ ಎಲ್ಲರ ಗಾಯವೂ ಫೋಟೋದಲ್ಲಿ ಕಳೆಗುಂದುತ್ತ ಬಂತು. ಡಾಕ್ಟರುಗಳಿಗೆ ಖುಷಿಯೋ ಖುಷಿ. ಮಾವನಿಗೆ ಮಾತ್ರ ಏನೋ ಕಸಿವಿಸಿ. ಒಂದು ದಿನ ಗಾಯದ ಪಕ್ಕ ಒಂದು ಕೆಂಪು ಕಾಗದದ ಚೂರು ಇಟ್ಟು ಫೋಟೋ ತೆಗೆದರು. ಕಾಗದವೂ ಕಳೆಗುಂದಿತ್ತು. ಬಿಳಿ ಬಣ್ಣದ ಸಮತೋಲವನ್ನು ಕ್ಯಾಮೆರಾದ ಕೈಗೇ ಬಿಟ್ಟಿದ್ದರು. ಚೌಕಟ್ಟಿನ ತುಂಬ ಕೆಂಪೇ ಕಂಡರೆ ಅದಕ್ಕೆ ‘ಯಾಕೋ ಕೆಂಪು ಜಾಸ್ತಿಯಾಯಿತು’ ಅನ್ನಿಸಿ ತಾನೇ ಕಡಿಮೆ ಮಾಡಿಬಿಡುತ್ತಿತ್ತು. ಅಂದಿನಿಂದ ಮಾವ ಒಂದು ಪಟ್ಟಿ ಮಾಡಿಕೊಂಡರು. ಬೆರಳುದ್ದದ ಅಳತೆಪಟ್ಟಿಯ ಮೇಲೆ ಬಿಳಿ, ಬೂದು, ಕೆಂಪು, ಮೂರು ಚೌಕ. ಅದು ಪಕ್ಕದಲ್ಲಿಲ್ಲದೆ ಒಂದು ಫೋಟೋವನ್ನೂ ತೆಗೆದವರಲ್ಲ.

ಅವರು ಹೋಗಿ ಈಗ ಎರಡು ವರ್ಷ. ಅವರ ನೆನಪಾದಾಗಲೆಲ್ಲ ನನಗೆ ಕಾಣುವುದು ಆ ನೆಲಮಾಳಿಗೆಯ ಕೋಣೆಯಲ್ಲ, ನಮ್ಮ ಮನೆಯ ಹಜಾರದ ಉತ್ತರದ ಕಿಟಕಿ.

ಮಗಳು ಹುಟ್ಟಿ ಮೂರು ವಾರಕ್ಕೆ ಅವಳ ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ ಕಾಣಿಸಿತು. ಸೊಳ್ಳೆ ಕಡಿದಿರಬೇಕು ಎಂದರು ಅತ್ತೆ. ಮನೆಯ ಸೊಳ್ಳೆಗಳನ್ನೆಲ್ಲ ಹುಡುಕಿ ಹೊಡೆದೆ. ಎರಡು ತಿಂಗಳಿಗೆ ಅದು ಕಡಲೆಕಾಳಿನಷ್ಟಾಗಿ, ಉಬ್ಬಿ, ರೆಪ್ಪೆ ಭಾರವಾಗಿ ಜೋಲತೊಡಗಿತು. ನಾನು ಇಂಟರ್ನೆಟ್ಟಿನಲ್ಲಿ ಓದಬಾರದ್ದನ್ನೆಲ್ಲ ಓದಿ ಊಟ ಬಿಟ್ಟೆ. ಮಾವ ಮಾತ್ರ ಮಗುವನ್ನು ಕಿಟಕಿಗೆ ಹಿಡಿದು ಒಂದು ನಿಮಿಷ ನೋಡಿ, “ಇಂಥವು ಮುನ್ನೂರು ನೋಡಿದೀನಿ. ಬೆಳೆದು ಆಮೇಲೆ ತಾನಾಗೇ ಇಳಿಯುತ್ತೆ. ಆದ್ರೆ ಜಾಗ ಸರಿಯಿಲ್ಲ. ನಡಿ, ಡಾಕ್ಟರ ಹತ್ರ ಹೋಗೋಣ” ಎಂದರು.

ಚರ್ಮದ ಡಾಕ್ಟರಮ್ಮ ಹಿಂದೆ ಅದೇ ಆಸ್ಪತ್ರೆಯಲ್ಲಿ ಕಲಿತವರು, ಮಾವನನ್ನು ‘ಫೋಟೋ ಸರ್’ ಎಂದೇ ಕರೆಯುತ್ತಿದ್ದರು. ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ, ಹೆದರಬೇಡಿ ಎಂದು ಮೊದಲು ಹೇಳಿ, ಆಮೇಲೆ ಹೆದರುವ ಮಾತು ಹೇಳಿದರು.

“ಕಣ್ಣು ನೋಡೋದನ್ನ ಕಲಿಯೋ ವಯಸ್ಸು ಇದು. ರೆಪ್ಪೆ ಅಡ್ಡ ಬಂದ್ರೆ ಆ ಕಣ್ಣು ಕಲಿಯೋದೇ ಇಲ್ಲ. ಆಮೇಲೆ ರೆಪ್ಪೆ ಸರಿಹೋದ್ರೂ ಪ್ರಯೋಜನ ಇಲ್ಲ.”

ಔಷಧಿ ಬರೆದರು. ಹೃದಯದ ಕಾಯಿಲೆಯವರಿಗೆ ಕೊಡುವ ಔಷಧಿಯಂತೆ, ಇಂಥ ಗಂಟನ್ನೂ ಕುಗ್ಗಿಸುತ್ತದಂತೆ. ದಿನಕ್ಕೆರಡು ಸಲ, ಹಾಲು ಕುಡಿಸಿದ ಮೇಲೆಯೇ. ಹೊಟ್ಟೆ ಖಾಲಿ ಇದ್ದರೆ ಕೊಡಬಾರದು, ವಾಂತಿಯಾದರೆ ಮತ್ತೆ ಕೊಡಬಾರದು. ಕೊಟ್ಟ ಮೇಲೆ ಮಗುವಿನ ಅಂಗೈ ತಣ್ಣಗಾಗುತ್ತಿತ್ತು. ಪ್ರತಿ ಸಲವೂ ಎದೆಯ ಮೇಲೆ ಎರಡು ಬೆರಳಿಟ್ಟು ಬಡಿತ ಎಣಿಸುತ್ತಿದ್ದೆ, ಎಣಿಕೆ ತಪ್ಪಿ ಮತ್ತೆ ಎಣಿಸುತ್ತಿದ್ದೆ. ಆ ಔಷಧಿ ಎಂದು ನಿಲ್ಲುತ್ತದೋ ಎಂಬುದೊಂದೇ ಆಗ ನನ್ನ ಜಪ.

ಔಷಧಿ ಹೆಚ್ಚಿಸುವುದೋ ಇಳಿಸುವುದೋ ಎಂಬುದಕ್ಕೆ ಆಧಾರ ತಿಂಗಳಿಗೊಂದು ಫೋಟೋ. ಮೊದಲ ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಕಿಟಕಿಯ ಎದುರು ಕುರ್ಚಿ, ಕುರ್ಚಿಯ ಕಾಲಿಗೆ ನೆಲದ ಮೇಲೆ ಸೀಮೆಸುಣ್ಣದ ಗುರುತು. ಅತ್ತೆಯ ತೊಡೆಯ ಮೇಲೆ ಮಗು. ಅತ್ತೆ ಕೆಂಪು ಬಟ್ಟೆ ಉಟ್ಟು ಬಂದರೆ ಅದರ ಬಣ್ಣ ಮಗುವಿನ ಮುಖಕ್ಕೆ ಹೊಡೆಯುತ್ತದೆಂದು ಮಾವ ಅವರಿಗೆ ಬೂದು ಬಣ್ಣದ ಹೊದಿಕೆ ಹೊದಿಸುತ್ತಿದ್ದರು.

“ಮೊಮ್ಮಗಳ ಫೋಟೋ ಅಂತ ನಾನು ತಲೆ ಬಾಚ್ಕೊಂಡು ಬಂದ್ರೆ ನನಗೆ ಕಂಬಳಿ. ನಾನೇನು ಗೋಡೆನಾ?”

“ಗೋಡೆ ಆಗಿದ್ರೆ ಅಲುಗಾಡ್ತಾ ಇರಲಿಲ್ಲ.”

“ನಲವತ್ತು ವರ್ಷದಿಂದ ಇವರ ಜೊತೆ ಇದ್ದೀನಲ್ಲ, ಒಂದು ಫೋಟೋದಲ್ಲಾದ್ರೂ ನಾನು ಚಂದ ಇದ್ದೀನಾ ಕೇಳು.”

“ಇದ್ದ ಹಾಗೆ ಇದ್ದೀಯ” ಎನ್ನುತ್ತ ಮಾವ ಮಗುವಿನ ಕೆನ್ನೆಯ ಪಕ್ಕ ಅತ್ತೆಯ ಕೈಯಲ್ಲೇ ಪಟ್ಟಿ ಹಿಡಿಸುತ್ತಿದ್ದರು. ನಾನು ಲೆನ್ಸಿನ ಮೇಲೆ ಬೀಗದಕೈ ಗೊಂಚಲು ಅಲ್ಲಾಡಿಸಬೇಕು. ಮಗು ಮೇಲೆ ನೋಡಿದ ಕ್ಷಣ, ಕ್ಲಿಕ್. ಮೂರೇ ಫೋಟೋ. ನಾಲ್ಕನೆಯದನ್ನು ತೆಗೆದದ್ದು ನಾನು ಕಾಣೆ.

ಹೀಗೆ ಆರು ತಿಂಗಳು ನಡೆಯಿತು. ಗಂಟು ಬೆಳೆಯುವುದು ನಿಂತಿತ್ತು, ಇಳಿದಿರಲಿಲ್ಲ.

ನನ್ನ ಅಮ್ಮ ಇದ್ದದ್ದು ಬೇರೆ ಊರಿನಲ್ಲಿ, ಮಂಡಿಯ ಆಪರೇಷನ್ ಆಗಿ ಓಡಾಡುವಂತಿರಲಿಲ್ಲ. ರೆಪ್ಪೆಯ ಮೇಲೆ ಸಣ್ಣ ಕೆಂಪು ಚುಕ್ಕಿ ಎಂದಷ್ಟೇ ಅವರಿಗೆ ಹೇಳಿದ್ದೆ. ಕಳಿಸುತ್ತಿದ್ದ ಫೋಟೋಗಳೆಲ್ಲ ಮಗುವಿನ ಬಲಗಡೆಯಿಂದ ತೆಗೆದವು. ಒಂದು ದಿನ ಅಮ್ಮ ಫೋನಿನಲ್ಲಿ, “ಯಾಕೇ, ನಿನ್ನ ಮಗಳಿಗೆ ಇರೋದು ಒಂದೇ ಕಣ್ಣಾ?” ಎಂದುಬಿಟ್ಟರು. ತಮಾಷೆಗೇ ಅಂದದ್ದು. ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಮರುದಿನ ಬುಧವಾರ. ಮಾವ ಹೊರಗೆ ಹೋಗಿದ್ದರು, ಅತ್ತೆ ಸ್ನಾನಕ್ಕೆ. ಕ್ಯಾಮೆರಾ ತೆಗೆದೆ. ತಲೆಯ ಚಿತ್ರದ ಮೋಡ್‌ಗೆ ತಿರುಗಿಸೋಣವೆಂದರೆ ಪ್ಲಾಸ್ಟರ್. ಕಿತ್ತರೆ ಗೊತ್ತಾಗುತ್ತದೆ. ಒಂದು ವಿಡಿಯೋ ನೋಡಿಕೊಂಡು ಮೆನುವಿನೊಳಗೆ ಹೊಕ್ಕೆ. ಅಲ್ಲಿ ಚಿತ್ರದ ಶೈಲಿ ಎಂದೊಂದು ಪುಟ, ಅದರೊಳಗೆ ಬಣ್ಣದ ಗಾಢತೆ, ಚರ್ಮದ ಛಾಯೆ, ಕಾಂಟ್ರಾಸ್ಟ್ ಎಲ್ಲವನ್ನೂ ಇಳಿಸಿ ಏರಿಸುವ ಗೆರೆಗಳು. ಗಾಢತೆ ಮೂರು ಮನೆ ಇಳಿಸಿದೆ. ಛಾಯೆಯನ್ನು ಎರಡು ಮನೆ ಹಳದಿಯ ಕಡೆಗೆ ಸರಿಸಿದೆ. ಹನ್ನೊಂದು ಫೋಟೋ ತೆಗೆದೆ. ಒಂದರಲ್ಲಿ ಮಗಳು ಎರಡು ಹಲ್ಲು ತೋರಿಸಿ ನೇರ ನನ್ನನ್ನೇ ನೋಡಿ ನಗುತ್ತಿದ್ದಳು. ರೆಪ್ಪೆಯ ಕೆಂಪು, ಯಾರೋ ಗುಲಾಬಿ ಬಣ್ಣ ಮುಟ್ಟಿದ ಬೆರಳನ್ನು ಒರೆಸಿದ ಹಾಗೆ ಅಷ್ಟೇ. ಅಮ್ಮನಿಗೆ ಕಳಿಸಿದೆ.

“ಅಯ್ಯೋ, ಇಷ್ಟೇನಾ! ಇದಕ್ಕಾ ಅಷ್ಟು ಹೆದರಿದ್ದು?” ಎಂದರು ಅಮ್ಮ. ಕೇಳಿ ಕೇಳಿ ನಾನೂ ನಂಬಿದೆ. ಅಷ್ಟರಲ್ಲಿ ಮಗಳು ತೆವಳಿಕೊಂಡು ಹೋಗಿ ಇಸ್ತ್ರಿಪೆಟ್ಟಿಗೆಯ ವೈರಿಗೆ ಕೈ ಹಾಕಿದ್ದಳು. ಕ್ಯಾಮೆರಾವನ್ನು ಇದ್ದ ಜಾಗಕ್ಕೆ ತುರುಕಿ ಓಡಿದೆ.

ಆ ಭಾನುವಾರ ಮಾವನಿಗೆ ಜ್ವರ. ಎದ್ದು ಬಂದು ಮೂರು ಫೋಟೋ ತೆಗೆದು ಮತ್ತೆ ಮಲಗಿದರು. ಪ್ರಿಂಟ್ ತಂದು ಪರೀಕ್ಷಿಸಿ ಡಾಕ್ಟರಿಗೆ ಕೊಡುವುದು ಎಂದಿನಂತೆ ಅವರ ಕೆಲಸ. ಈ ಸಲ ನಾನು ಹೋದೆ. ಪ್ರಿಂಟ್ ಹಾಕುವ ಅಂಗಡಿಯಾಕೆಗೆ ಕೊಡುವ ಲಕೋಟೆಯ ಮೇಲೆ ಮಾವನ ಕೈಬರಹ: ‘ಏನೂ ತಿದ್ದಬಾರದು.’

ಡಾಕ್ಟರಮ್ಮ ಹೋದ ತಿಂಗಳದ್ದರ ಪಕ್ಕ ಈ ತಿಂಗಳದ್ದನ್ನು ಇಟ್ಟರು. ಮಗಳು ಸೂಜಿ ಚುಚ್ಚುತ್ತಾರೆಂದುಕೊಂಡು ಕಿರುಚಿ ಅಳುತ್ತಿದ್ದಳು, ರೆಪ್ಪೆ ರಕ್ತದಂತೆ ಕೆಂಪಾಗಿತ್ತು.

“ಅಳುವಾಗ ಇದು ಹೀಗೇ ಕಾಣೋದು. ಅದಕ್ಕೇ ಫೋಟೋ ನಂಬೋದು. ಅದೂ ಸರ್ ತೆಗೆದದ್ದು” ಎಂದು ನಕ್ಕರು. “ಒಳ್ಳೇ ಬದಲಾವಣೆ. ನಾಳೆಯಿಂದ ಔಷಧಿ ಅರ್ಧಕ್ಕೆ ಇಳಿಸಿ. ಎರಡು ವಾರ ಬಿಟ್ಟು ನಿಲ್ಲಿಸೋಣ.”

ಬುಧವಾರದ್ದು ನನಗೆ ಆಗ ನೆನಪಾಗಲಿಲ್ಲ. ನೆನಪಾಗಬಾರದೆಂದು ಮನಸ್ಸೇ ಅದನ್ನು ಎಲ್ಲಾದರೂ ಮುಚ್ಚಿಟ್ಟಿತ್ತೇನೋ. ದಾರಿಯುದ್ದಕ್ಕೂ ಮಗಳ ತಣ್ಣನೆಯ ಕೈಗೆ ಮುತ್ತು ಕೊಡುತ್ತ ಬಂದೆ.

ಮಾವ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಸುದ್ದಿ ಕೇಳಿ ಖುಷಿಪಟ್ಟು, “ಎಲ್ಲಿ, ಕೊಡು” ಎಂದು ಕನ್ನಡಕ ಹಾಕಿಕೊಂಡರು. ಅವರು ಮಗುವಿನ ಮುಖ ನೋಡಲಿಲ್ಲ. ಮೊದಲು ನೋಡಿದ್ದು ಅಂಚಿನ ಪಟ್ಟಿಯನ್ನು. ಹಳೆಯ ಫೋಟೋ ಪಕ್ಕಕ್ಕಿಟ್ಟರು. ಮತ್ತೆ ನೋಡಿದರು.

“ಏನಮ್ಮಾ, ಪಟ್ಟಿಗೂ ಔಷಧಿ ಕುಡಿಸಿದ್ಯಾ?”

ಬುಧವಾರದ್ದು ಆಗ ನೆನಪಾಯಿತು. ಪಟ್ಟಿಯ ಕೆಂಪು ಚೌಕ ಹಳೆಯ ಇಟ್ಟಿಗೆಯ ಹಾಗಿತ್ತು.

ಅವರು ಕ್ಯಾಮೆರಾ ತರಿಸಿಕೊಂಡು ಮೆನು ತೆರೆದರು. ಗಾಢತೆಯ ಗೆರೆ ಇದ್ದ ಜಾಗದಲ್ಲಿ ಇರಲಿಲ್ಲ. “ಯಾವಾಗ ಒತ್ತಿದೆ ನಾನು ಇದನ್ನ?” ಎಂದರು, ತಮಗೆ ತಾವೇ ಹೇಳಿಕೊಂಡಂತೆ.

“ಜ್ವರದಲ್ಲಿ ಏನೋ ಮುಟ್ಟಿರ್ತೀರಿ. ನಾಳೆ ಹೋಗಿ ಹೇಳಿದ್ರಾಯ್ತು, ಮಲ್ಕೊಳ್ಳಿ” ಎಂದರು ಅತ್ತೆ.

“ನಾಳೆಯಿಂದಾನೇ ಅರ್ಧ ಅಂದಿದ್ದಾರಲ್ಲೇ. ಇಳಿಸಿ ಅದು ಮತ್ತೆ ಉಬ್ಬಿದ್ರೆ? ಕಣ್ಣು ಕಣೇ ಅದು.” ಎದ್ದು ಶರ್ಟು ಹಾಕಿಕೊಳ್ಳತೊಡಗಿದರು. ಗುಂಡಿ ಹಾಕುತ್ತ, “ಪಟ್ಟಿ ಮಾಡ್ಕೊಂಡ ಮೇಲೆ ಒಂದೇ ಒಂದು ತಪ್ಪು ಫೋಟೋ ಕೊಟ್ಟವನಲ್ಲ. ಇನ್ನು ನನ್ನ ಕೈಲಿ ಆಗಲ್ಲ, ಬೇರೆಯವರ ಹತ್ರ ತೆಗೆಸಿ ಅಂತಾನೂ ಹೇಳಿಬಿಡ್ತೀನಿ” ಎಂದರು.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಗುವನ್ನು ಎತ್ತಿಕೊಂಡು ಅವರ ಹಿಂದೆ ನಡೆದೆ. ಬಸ್ಸಿನಲ್ಲಿ ಅವರು ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಒಂದು ಕ್ಷಣ ಆಸೆಯೂ ಹುಟ್ಟಿತ್ತು, ನಾಚಿಕೆಯಿಲ್ಲದೆ ಬರೆಯುತ್ತೇನೆ: ತಪ್ಪು ಅವರದೇ ಎಂದಾಗಿ ಹೋಗಲಿ, ವಯಸ್ಸಾದವರು, ಯಾರೂ ಏನೂ ಅನ್ನುವುದಿಲ್ಲ.

ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕಡಿದಾದ ಮೆಟ್ಟಿಲು. ನಡುವೆ ಮಾವ ಉಸಿರು ತೆಗೆದುಕೊಳ್ಳಲು ನಿಂತರು. ಒಂದು ಕೈ ಗೋಡೆಯ ಮೇಲಿತ್ತು. ಆ ಕೈಯನ್ನು ಅವರೇ ನೋಡಿಕೊಂಡರು, ಇದೇ ತಪ್ಪಿದ ಕೈ ಎನ್ನುವ ಹಾಗೆ.

“ಮಾವ, ನಾನೇ ಮಾಡಿದ್ದು” ಎಂದೆ.

ಬುಧವಾರದ್ದನ್ನೆಲ್ಲ ಹೇಳಿದೆ. ಅವರು ರೋಗಿಯ ವಿವರ ಕೇಳುವ ಹಾಗೆ ಕೇಳಿದರು.

“ಗಾಢತೆ ಎಷ್ಟು ಇಳಿಸಿದೆ?”

“ಮೂರು.”

“ಛಾಯೆ?”

“ಎರಡು. ಹಳದಿ ಕಡೆಗೆ.”

“ಕಾಂಟ್ರಾಸ್ಟು?”

“ಅದನ್ನ ಮುಟ್ಟಿಲ್ಲ.”

“ಹೂಂ.” ಎರಡು ಮೆಟ್ಟಿಲು ಹತ್ತಿ ಮತ್ತೆ ನಿಂತರು. “ಚೆನ್ನಾಗಿ ಬಂತಾ?”

“ಯಾವುದು ಮಾವ?”

“ನಿಮ್ಮಮ್ಮನಿಗೆ ಕಳಿಸಿದ್ದು.”

ತಲೆಯಾಡಿಸಿದೆ. ಕಣ್ಣು ತುಂಬಿ ಮೆಟ್ಟಿಲು ಕಾಣುತ್ತಿರಲಿಲ್ಲ.

“ಇಟ್ಕೋ ಅದನ್ನ. ಫೈಲಿಗೆ ಮಾತ್ರ ಸೇರಿಸ್ಬೇಡ.”

ಒಳಗೆ ಹೋಗಿ ಡಾಕ್ಟರಮ್ಮನ ಮೇಜಿನ ಮುಂದೆ ನಿಂತು, ಕೂರಲೂ ಇಲ್ಲ, “ಇವತ್ತಿನ ಫೋಟೋ ತಪ್ಪು. ಸೊಸೆ ಸೆಟ್ಟಿಂಗ್ ಮುಟ್ಟಿದಾಳೆ, ನಾನು ನೋಡದೆ ಕಳಿಸಿದೀನಿ. ಎರಡೂ ಬರ್ಕೊಳ್ಳಿ” ಎಂದರು. ಡಾಕ್ಟರಮ್ಮ ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಫೈಲು ತೆರೆದು ನಿಜವಾಗಿಯೂ ಎರಡನ್ನೂ ಬರೆದುಕೊಂಡರು.

ಮಗು ಅಳು ನಿಲ್ಲಿಸುವವರೆಗೆ ಕಾದು, ಅವರದೇ ಕಿಟಕಿಯ ಬಳಿ ಮಾವ ಮತ್ತೆ ಮೂರು ಫೋಟೋ ತೆಗೆದರು. ಡಾಕ್ಟರಮ್ಮ ಅವನ್ನು ಕಂಪ್ಯೂಟರಿಗೆ ಹಾಕಿ ಹಳೆಯದರ ಪಕ್ಕ ಇಟ್ಟರು. ಪಟ್ಟಿ ಎರಡರಲ್ಲೂ ಒಂದೇ. ರೆಪ್ಪೆಯೂ ಒಂದೇ. ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

“ಅರ್ಧ ಮಾಡಿದ್ರೆ ಕಷ್ಟ ಆಗ್ತಿತ್ತು” ಎಂದಷ್ಟೇ ಹೇಳಿದರು. ಔಷಧಿ ಹಳೆಯ ಅಳತೆಯಲ್ಲೇ ಮುಂದುವರಿಯಿತು.

ಮುಂದಿನ ತಿಂಗಳಿಂದ ಫೋಟೋ ತೆಗೆಯುವವಳು ನಾನೇ. “ಮುಟ್ಟೋದನ್ನ ಹೇಗೂ ಕಲ್ತಿದ್ದೀಯ, ಮುಟ್ಟದೆ ಇರೋದನ್ನ ಕಲಿ” ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಮಾವ ಕೀಲಿಗೊಂಚಲು ಅಲ್ಲಾಡಿಸುವ ಕೆಲಸ ವಹಿಸಿಕೊಂಡರು. ಕೀಲಿ ಅಲ್ಲಾಡಿಸುವುದರಲ್ಲಿ ಅವರಿಗೆ ಶಿಸ್ತು ಸ್ವಲ್ಪವೂ ಇರಲಿಲ್ಲ, ಬಾಯಲ್ಲಿ ಬೆಕ್ಕು, ಕಾಗೆ, ರೈಲು ಎಲ್ಲವನ್ನೂ ಕೂಗಿಸುತ್ತಿದ್ದರು. ಅತ್ತೆ ನಕ್ಕು ನಕ್ಕು ಅಲುಗಾಡುತ್ತಿದ್ದರು. ಶಟರ್ ಒತ್ತುವ ಮುಂಚೆ ಪ್ರತಿ ಸಲವೂ ಮೆನುವಿನ ನಾಲ್ಕು ಪುಟ ತೆರೆದು ನೋಡುವುದು ನನ್ನ ಅಭ್ಯಾಸವಾಯಿತು. ಗೀಳು ಎಂದರೂ ಸರಿ. ಹೆದರಿಕೆಯ ಸ್ವಭಾವಕ್ಕೆ ಆ ಕೆಲಸ ಹೇಳಿ ಮಾಡಿಸಿದಂತಿತ್ತು. ಹದಿನೈದನೆಯ ತಿಂಗಳಿಗೆ ಗಂಟು ನಿಜವಾಗಿಯೂ ಮಾಸಿತು. ಔಷಧಿ ಮೆಲ್ಲಗೆ ಇಳಿದು ನಿಂತಿತು. ಉಳಿದದ್ದು ಒಂದೇ ಪ್ರಶ್ನೆ. ಅದಕ್ಕೆ ಫೋಟೋದಲ್ಲಿ ಉತ್ತರವಿರಲಿಲ್ಲ. ಮಗಳು ಮಾತು ಕಲಿತು, ಕೇಳಿದ್ದಕ್ಕೆ ಉತ್ತರ ಹೇಳುವಷ್ಟು ದೊಡ್ಡವಳಾಗುವವರೆಗೆ ಕಾಯಬೇಕಿತ್ತು.

ಮೂರೂವರೆ ವರ್ಷಕ್ಕೆ ಕಣ್ಣಿನ ಡಾಕ್ಟರ ಬಳಿ ಹೋದೆವು. ಮಾವನೂ ಬಂದರು, ಕೋಲೂರಿಕೊಂಡು. ಅಕ್ಷರ ಬಾರದ ಮಕ್ಕಳಿಗೆ ಅಲ್ಲಿ ಗೋಡೆಯ ಮೇಲೆ ಚಿತ್ರಗಳು, ಮೇಲೆ ದೊಡ್ಡವು, ಕೆಳಗೆ ಬರುತ್ತ ಬರುತ್ತ ಚಿಕ್ಕವು. ನರ್ಸ್ ಮಗಳ ಬಲಗಣ್ಣನ್ನು ಹತ್ತಿಯಿಂದ ಮುಚ್ಚಿದಳು. ಎಡಗಣ್ಣೊಂದೇ ತೆರೆದಿತ್ತು.

“ಮನೆ” ಎಂದಳು ಮಗಳು. “ಸೇಬು. ಛತ್ರಿ.”

ಸಾಲು ಇಳಿಯಿತು. ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಮಾವ ಪ್ರತಿ ಉತ್ತರಕ್ಕೂ ಮುಂದಕ್ಕೆ ಬಾಗುತ್ತಿದ್ದರು. ಕೊನೆಯ ಸಾಲಿನ ಕೊನೆಯ ಚಿತ್ರದ ಕೆಳಗೆ ಡಾಕ್ಟರು ಕಡ್ಡಿ ಇಟ್ಟರು. ಮಗಳು ಸುಮ್ಮನಾದಳು.

ಮಾವ ನನ್ನ ಕಿವಿಯ ಬಳಿ ಬಾಗಿ, “ಅಲ್ಲಿ ಏನಿದೆಯಮ್ಮಾ? ನನಗೆ ಕಾಣ್ತಿಲ್ಲ” ಎಂದು ಪಿಸುಗುಟ್ಟಿದರು.

“ಮೀನು, ಮಾವ.”

“ಮೀನು!” ಎಂದು ಆ ಕಡೆಯಿಂದ ಮಗಳು ಕೂಗಿದಳು. “ಬಾಲ ಮುರ್ದಿದೆ.”

ಡಾಕ್ಟರು ಹತ್ತಿರ ಹೋಗಿ ನೋಡಿದರು. ಚಿತ್ರದ ಬಾಲದ ಬಳಿ ಮಸಿ ಎದ್ದುಹೋಗಿತ್ತು. ಮಾವ ಬೆಂಚಿಗೆ ಬೆನ್ನು ಒರಗಿಸಿ, ಕೋಲನ್ನು ಪಕ್ಕಕ್ಕಿಟ್ಟು, ಕನ್ನಡಕ ತೆಗೆದು ಒರೆಸತೊಡಗಿದರು.